ಸಂಬಂಧಪಟ್ಟವರು

ಇಸಾಫ್ಯೋರ್ದುರ್ ಆಸ್ಪತ್ರೆಯ ಊಟದ ಕೋಣೆ.
ಐಸ್‌ಲ್ಯಾಂಡಿನ ಡಿಸೆಂಬರ್, ಮೂರೂವರೆಗೇ ಕತ್ತಲು.
ಗೋಡೆಗೆ ಹಳದಿ ಚೀಟಿ ಅಂಟಿಸುತ್ತಿದ್ದೇವೆ:
ಮನಸ್ಸಿನ ಕಾಯಿಲೆಯ ಈ ಕಡತಗಳೆಲ್ಲ
ಕಂಪ್ಯೂಟರಿಗೆ ಏರಿದರೆ
ಸಂಬಂಧಪಟ್ಟವರು ಯಾರು ಯಾರು?

ವೈದ್ಯರು, ಎಂದರು ವೈದ್ಯರು.
ನರ್ಸು, ಔಷಧಿ ಅಂಗಡಿ, ವಿಮೆ, ರಾಜಧಾನಿಯ ಇಲಾಖೆ.
ಪೊಲೀಸು ಅಂದಾಗ
ಯಾರೂ ಯಾರ ಮುಖವನ್ನೂ ನೋಡಲಿಲ್ಲ.
ಸರ್ವರ್ ನೋಡಿಕೊಳ್ಳುವ ಹುಡುಗ
ತನ್ನ ಹೆಸರು ತಾನೇ ಬರೆದುಕೊಂಡ, ಸಣ್ಣಕ್ಷರದಲ್ಲಿ.

ಹಾಲ್‌ಬೆರಾ ಸುಮ್ಮನಿದ್ದಳು.
ಇಪ್ಪತ್ತಾರು ವರ್ಷದಿಂದ ನೆಲಮಾಳಿಗೆಯ ಬೀಗದಕೈ ಅವಳದು.
ಕೊನೆಗೆ ಅಂದಳು:
'ಯಾರದು ದಪ್ಪ, ಯಾರದು ತೆಳು, ಕೈಗೇ ಗೊತ್ತು.
ಒಂದನ್ನೂ ತೆರೆದಿಲ್ಲ. ಮೀನಂಗಡಿಯಲ್ಲಿ ಅವರೇ ಸಿಕ್ಕರೆ
ಗಾಳಿಯ ಮಾತು, ಹಿಮದ ಮಾತು.
ತೆರೆಯದವಳನ್ನು ಯಾವ ಚೀಟಿಯಲ್ಲಿ ಬರೀತೀರಿ?'

ರೋಗಿಗಳ ಪರವಾಗಿ ಒಂದೇ ಕುರ್ಚಿ.
ಅದರಲ್ಲಿದ್ದ ತೋರ್ಗ್ರಿಮುರ್
ಬಿಸ್ಕತ್ತು ಮುರಿಯುತ್ತ ಕೇಳಿದ:
'ನನ್ನ ಕಡತದಲ್ಲಿ ಅಪ್ಪ ಇದ್ದಾನೆ, ಬೆಲ್ಟಿನ ಸಮೇತ.
ಈ ಊರಲ್ಲೇ ಇದ್ದಾನೆ, ಈಗ ಮುದುಕ,
ಓದಲು ಕನ್ನಡಕ ಬೇಕು.
ಅವನು ಸಂಬಂಧಪಟ್ಟವನೋ?'

ಸಂಬಂಧವೇನೋ ಹೌದು, ಅಂದರು ಯಾರೋ.

ಪೆನ್ನು ನನ್ನ ಕೈಯಲ್ಲಿತ್ತು.
'ಅಪ್ಪ' ಅಂತ ಬರೆದು ಜಾಗ ಹುಡುಕಿದೆ.
ವೈದ್ಯರ ಪಕ್ಕವೇ? ಬಾಗಿಲ ಆಚೆಯೇ?
ಹಾಲ್‌ಬೆರಾ ಎದ್ದು ಎಲ್ಲರಿಗೂ ಕಾಫಿ ಬಗ್ಗಿಸಿದಳು.

ವರದಿಯಲ್ಲಿ ಹದಿನೇಳು ಹೆಸರು; ಒಪ್ಪಿಗೆಯೂ ಆಯಿತು.
ಆ ಚೀಟಿ ಇನ್ನೂ ನನ್ನ ಕೋಟಿನ ಜೇಬಿನಲ್ಲಿದೆ,
ಅಂಟಿನ ಅಂಚಿಗೆ
ಉಣ್ಣೆಯ ಎಳೆ ಹಿಡಿದುಕೊಂಡು.