ಬಿಳಿ ಗೆರೆ

ಹದಡಿ ರಸ್ತೆಯ ತಿರುವಿನಲ್ಲಿ, ಪಂಕ್ಚರ್ ಅಂಗಡಿಯ ಪಕ್ಕ
ಮೂವತ್ತೊಂದು ವರ್ಷದಿಂದ ಊರು ಕೂರುವುದನ್ನು ಹೊಲಿಯುತ್ತಿದ್ದೇನೆ.
ಲಾರಿಯವರ ನಡುವಿಗೆ ದಿಂಬು, ದಿಬ್ಬಣದ ಟೆಂಪೊಗೆ ಜರಿಯಂಚು,
ಡಾಕ್ಟರರ ಕಾರಿಗೆ ಜೇನುಬಣ್ಣದ ರೆಕ್ಸಿನ್.
ಸೀಟು ಬಿಚ್ಚಿದರೆ ಊರೇ ಉದುರುತ್ತದೆ:
ಮಂಡಕ್ಕಿ ಕಾಳು, ಒಂಟಿ ಓಲೆ,
ಮನೆಮಂದಿಯೆಲ್ಲ ಹುಡುಕಿ ಬೈದಾಡಿಕೊಂಡ ಬೀಗದ ಕೈ.

ಮಂಗಳವಾರ ಕೊಟ್ರೇಶ ತಂದಿಟ್ಟ
ಕಾರಿನೊಳಗೆ ಕಟ್ಟುವ ಮಗುವಿನ ಸೀಟು.
ಹುಬ್ಬಳ್ಳಿಯ ಷಡ್ಡಕ ಅರ್ಧ ರೇಟಿಗೆ ಕೊಟ್ಟದ್ದು.
"ಕೂರಿಸಿದರೆ ಅಳ್ತಾಳೆ ದಾದಾಪೀರಣ್ಣ,
ಎರಡಿಂಚು ಸ್ಪಂಜು ಹಾಕಿ ಮೆತ್ತಗೆ ಮಾಡ್ಕೊಡು."
ಹಿಂದೆ ಸುಧಾಮಣಿ, ಅವಳ ಸೊಂಟದ ಮೇಲೆ ತೇಜು,
ಅದರ ಹಿಂದೆ ಅತ್ತೆ:
"ನನ್ನ ತೊಡೆಗಿಂತ ಒಳ್ಳೆ ಸೀಟು
ಯಾವ ಕಂಪನಿಯೋನು ಮಾಡ್ಯಾನಂತೆ?"

ಮೆತ್ತಗೆ ಮಾಡುವುದೇ ನನ್ನ ಕಸುಬು.
ಗಿರಣಿ ಕಸದಲ್ಲಿ ಅಪ್ಪ ಆರಿಸಿ ತಂದ ಹತ್ತಿಯಿಂದ
ಮೊದಲ ದಿಂಬು ತುಂಬಿದವನು ನಾನು.
ಬೆರಳಿಂದ ಒತ್ತಿ ಹೇಳಬಲ್ಲೆ
ಯಾವ ಸ್ಪಂಜು ಎಷ್ಟು ವರ್ಷಕ್ಕೆ ಸೋಲುತ್ತದೆಂದು.

ಬಟ್ಟೆ ಕಳಚಿದೆ. ಬೆಲ್ಟು ಹಾಯುವ ಕಿಂಡಿಯ ಬುಡದಲ್ಲಿ,
ಕರಿ ಪ್ಲಾಸ್ಟಿಕ್ಕಿನ ಮೇಲೆ ಒಂದು ಬಿಳಿ ಗೆರೆ.
ಕೂದಲೆಳೆಯಷ್ಟು.
ಬಕೆಟ್ಟು ಒಡೆಯುವ ಮುಂಚೆ ಹೀಗೇ ಬೆಳ್ಳಗಾಗುತ್ತದೆ.
"ಎಲ್ಲಾದರೂ ಗುದ್ದಿತ್ತಾ?" ಎಂದೆ.
ಕೊಟ್ರೇಶ ಟೀ ಲೋಟದೊಳಗೆ ನೋಡಿದ.
"ಸಣ್ಣದೊಂದು ತಾಗಿತ್ತಂತೆ. ಯಾರಿಗೂ ಏನೂ ಆಗಿಲ್ಲ."

ಸೂಜಿಗೆ ದಾರ ಪೋಣಿಸಿಯಾಗಿತ್ತು.
ಎಂಟುನೂರರ ಕೆಲಸ, ದೀಪ ಹಚ್ಚುವುದರೊಳಗೆ ಮುಗಿಯುವಂಥದ್ದು.
ಹೊಲಿದುಬಿಟ್ಟರೆ ಆ ಗೆರೆ
ನನಗೊಬ್ಬನಿಗೇ ಗೊತ್ತಿರುತ್ತಿತ್ತು.

ಹೋದ ವರ್ಷ ಹೆದ್ದಾರಿಯಿಂದ, ಆನಗೋಡಿನ ಆಚೆಯಿಂದ
ಎಳೆದು ತಂದ ಕಾರೊಂದರ ಸೀಟು ಬಿಚ್ಚಿದ್ದೆ.
ಉದುರಿದ್ದು ಒಂದು ಕಾಲುಚೀಲ,
ನನ್ನ ಹೆಬ್ಬೆರಳಿಗೆ ಹಾಕುವಷ್ಟು.
ಯಾರನ್ನೂ ಏನೂ ಕೇಳಲಿಲ್ಲ.
ಆ ಸೀಟು ಬಹಳ ಮೆತ್ತಗಿತ್ತು.
ಅಂಚಿನಲ್ಲಿ ನನ್ನದೇ ಜೋಡಿ ಹೊಲಿಗೆ.

"ಇದಕ್ಕೆ ಸೂಜಿ ಹಾಕಲ್ಲ ಕೊಟ್ರೇಶಿ.
ಸ್ಪಂಜು ತುಂಬಿದರೆ ಬೆಲ್ಟು ಸುಳ್ಳು ಹೇಳ್ತದೆ,
ಬಿಗಿ ಐತಿ ಅಂತ. ಗುದ್ದಿದಾಗ ಸ್ಪಂಜು ಅಪ್ಪಚ್ಚಿ,
ಕೂಸು ಸಡಿಲ. ಅಮ್ಮಾ, ನಿಮ್ಮ ತೊಡೆ ಒಳ್ಳೇದೇ,
ಬ್ರೇಕ್ ಹೊಡೆದರೆ ತೊಡೆಯೂ ಮುಂದಕ್ಕೆ ಹೋಗ್ತದಲ್ಲ."
ಮುದುಕಿ ಸೆರಗು ಸರಿಮಾಡಿಕೊಂಡಳು. ಮಾತಾಡಲಿಲ್ಲ.

ಶನಿವಾರ ಮತ್ತೆ ಬಂದರು, ಹೊಸದು ಕಟ್ಟಿಕೊಂಡು.
ಪಿ.ಬಿ. ರಸ್ತೆಯ ಅಂಗಡಿಯಲ್ಲಿ ಮೂರರಲ್ಲಿ ಕೂರಿಸಿ ನೋಡಿದರಂತೆ.
ಒಂದರಲ್ಲಿ ತೇಜುವಿನ ಭುಜ ಕಿಂಡಿಯ ಮೇಲೆ ನಿಂತಿತು.
ಇನ್ನೊಂದು ಇವರ ಹಳೇ ಕಾರಿನಲ್ಲಿ
ತೊಟ್ಟಿಲಿನಂತೆ ಓಲಾಡಿತು.
ಕೆಂಪು ಚಂದವಿತ್ತು ಎಂದ ಕೊಟ್ರೇಶ, ಸುಧಾಮಣಿ ತಂದದ್ದು ಬೂದಿ.

"ಬೆನ್ನು ದಾರಿಗೆ, ಮುಖ ಹಿಂದಕ್ಕೆ," ಅತ್ತೆಯ ತಕರಾರು.
"ದುರ್ಗಕ್ಕೆ ಹೋಗುವಾಗ ಕೂಸು ದಾವಣಗೆರೆಯನ್ನೇ ನೋಡ್ತಿರ್ತದೆ."
ತೇಜು ಎರಡು ನಿಮಿಷ ಅತ್ತಳು,
ಆಮೇಲೆ ಕಿಟಕಿಯಲ್ಲಿ ಕಾಗೆ ಸಿಕ್ಕಿತು.
ಅವಳ ಹೆಗಲ ಮೂಳೆಯ ಹತ್ತಿರ ಬೆಲ್ಟನ್ನು ಚಿವುಟಿದೆ,
ಬೆರಳಿಗೆ ಮಡಿಕೆ ಸಿಗಲಿಲ್ಲ.
ಇಷ್ಟು ವರ್ಷದಲ್ಲಿ ಮೊದಲ ಸಲ
ಗಟ್ಟಿಯಾದದ್ದೊಂದು ಕೈಗೆ ಹಿತವೆನಿಸಿತು.

ಮುದುಕಿ ಚೀಲದಿಂದ ಕೌದಿ ತೆಗೆದಳು,
ಐದು ಸೀರೆಯ ತುಂಡು, ಇರುವೆ ಸಾಲಿನಂಥ ಹೊಲಿಗೆ.
ನನಗಿಂತ ಒಳ್ಳೆ ಕೈ. ಬೆನ್ನಿನ ಕೆಳಗೆ ತುರುಕಲು ಬಗ್ಗಿದವಳಿಗೆ
"ಬೆಲ್ಟಿನ ಮೇಲೆ ಹೊದಿಸಿ" ಎಂದೆ.
ಹೊದಿಸಿದಳು. ತಾನು ಪಕ್ಕದಲ್ಲಿ ಕೂತು,
ಯಾರೂ ಹೇಳದೆಯೇ ತನ್ನ ಬೆಲ್ಟೂ ಎಳೆದುಕೊಂಡಳು.

ಹಳೆಯದು ಇಲ್ಲೇ ಉಳಿಯಿತು.
ಮತ್ತ್ಯಾರೂ ಒಯ್ಯಬಾರದೆಂದು
ಕತ್ತರಿಯಿಂದ ಪಟ್ಟಿಗಳನ್ನೆಲ್ಲ ಕತ್ತರಿಸಿದೆ.
ಈಗ ಅದರಲ್ಲಿ ಪಂಕ್ಚರ್ ಅಂಗಡಿಯ ಬೆಕ್ಕು ಮಲಗುತ್ತದೆ.
ಎರಡಿಂಚು ಸ್ಪಂಜು ಹಾಕಿಕೊಟ್ಟಿದ್ದೇನೆ.
ಅದಕ್ಕೆಲ್ಲಿಗೂ ಹೋಗುವುದಿಲ್ಲ.