ಎರಡನೇ ಕೌಂಟರಿನಿಂದ

ಪೊಂಟಿಯಾನಾಕ್‌ನಿಂದ ಕುಚಿಂಗ್‌ಗೆ
ಹಾರಾಟ ನಲವತ್ತೈದು ನಿಮಿಷ.
ನೀರಿನ ಲೋಟ ಕೊಟ್ಟವಳು
ಖಾಲಿ ಲೋಟ ವಾಪಸು ಕೇಳುವಷ್ಟರಲ್ಲಿ
ದೇಶ ಬದಲಾಗಿರುತ್ತಿತ್ತು.

ವಾರಕ್ಕೆ ಮೂರು ದಿನ. ಎಪ್ಪತ್ತು ಸೀಟು.
ನಾನು ಎರಡನೇ ಕೌಂಟರಿನ ಮುದ್ರೆಯವನು.
ಒಂದನೇ ಕೌಂಟರಿನಲ್ಲಿ ಯಾರೂ ಕೂತದ್ದಿಲ್ಲ;
ಎರಡನೆಯದಿದೆ ಅಂದಮೇಲೆ ಒಂದನೆಯದೂ ಇರಬೇಕಲ್ಲ,
ಅದಕ್ಕೆ ಇತ್ತು.

ಸಾಲಿನಲ್ಲಿ ನಿಂತ ರೀತಿಯಲ್ಲೇ ತಿಳಿಯುತ್ತಿತ್ತು
ಯಾರಿಗೆ ಯಾವ ಅಂಗವೆಂದು.
ಎಕ್ಸ್‌ರೇ ಲಕೋಟೆ ಎದೆಗವಚಿಕೊಂಡವರು,
ರಕ್ತ ಪರೀಕ್ಷೆಗೆಂದು ಉಪವಾಸವಿದ್ದವರ ಒಣ ತುಟಿ,
ಫಾರಮ್ಮಿನಲ್ಲಿ 'ಪ್ರವಾಸ' ಎಂದು ಬರೆದು
ನನ್ನ ಮುಖ ನೋಡದವರು.
ಆಚೆ ಊರಿನ ಡಾಕ್ಟರು ಕೂತು ಮಾತಾಡುತ್ತಾರಂತೆ.
ಅಷ್ಟಕ್ಕೇ ಜನ ಗಡಿ ದಾಟುತ್ತಾರೆ.

ಬೊಂಗ್ ಸಿಯು ಫಾ, ಮೂರು ವಾರಕ್ಕೊಮ್ಮೆ.
ಬೋಳು ತಲೆಗೆ ಹೂವಿನ ಟೋಪಿ,
ಡಬ್ಬಿಯಲ್ಲಿ ಗಡ್ಡೆ ತುಂಬಿದ ಬಿಸಿ ಕಡುಬು.
ಎರಡು ನನಗೆ; ಲಂಚ ಅಲ್ಲ, ಎನ್ನುವಳು.
"ಒತ್ತೊತ್ತಾಗಿ ಹಾಕು ತಮ್ಮಾ, ಮೂಲೆ ಬಿಡಬೇಡ.
ಈ ಪುಸ್ತಕ ತುಂಬಿದರೆ ಇನ್ನೊಂದು ಮಾಡಿಸಬೇಕು.
ನೀವೋ, ಹತ್ತು ವರ್ಷದ್ದೇ ಕೊಡುತ್ತೀರಿ.
ಅಷ್ಟು ಬೇಡ ನನಗೆ."
ಒಂದು ಪುಟಕ್ಕೆ ಒಂಬತ್ತು ಹಾಕಿದೆ,
ಒಂದರ ತೋಳು ಇನ್ನೊಂದರ ಮೇಲೆ.
ಮೇಲಿನವರು ಕೇಳಿದರೆ ಕೈ ನಡುಗಿತು ಅಂದರಾಯಿತು.

ಜಕಾರ್ತದಿಂದ ಕಂಪನಿಯ ವಿಬಿಸೊನೊ ಬಂದ.
ಕೆಟ್ಟವನಲ್ಲ.
ಕಾಫಿ ಅಂಗಡಿಯ ಬಿಲ್ಲಿನ ಬೆನ್ನಿಗೆ ಬರೆದು ತೋರಿಸಿದ:
ವಿಮಾನ ಏರುವಾಗಲೇ ಎಣ್ಣೆ ಕುಡಿಯುವುದು,
ಏರಿ ಉಸಿರು ಬಿಡುವ ಮೊದಲೇ ಇಳಿಯಬೇಕು.
ಎಣ್ಣೆಗೆ ಡಾಲರು, ಟಿಕೆಟಿಗೆ ರುಪಿಯಾ.
ಗಡಿ ದಾಟಿದ ತಪ್ಪಿಗೆ ಎರಡೂ ಕಡೆ ಸುಂಕ.
ಕಾಡು ಸುಟ್ಟ ಹೊಗೆಗೆ ಸೆಪ್ಟೆಂಬರಿನಲ್ಲಿ
ರನ್‌ವೇ ತಾನೆಲ್ಲಿದ್ದೇನೆಂದು ತಾನೇ ಮರೆಯುತ್ತದೆ.
"ಹೋಗುವಾಗ ಐವತ್ತೆರಡು, ಬರುವಾಗ ಮೂವತ್ತೊಂದು.
ಉಳಿದವರು ಎಲ್ಲಿ ಹೋಗುತ್ತಾರೆ?"

ನಾನು ಕಾಫಿ ಕಲಕಿದೆ.
ಕೆಲವರು ವಾರ್ಡಿನಲ್ಲಿರುತ್ತಾರೆ.
ಕೆಲವರು ದುಡ್ಡು ಮುಗಿದು ಬಸ್ಸು ಹತ್ತುತ್ತಾರೆ.
ಕೆಲವರಿಗೆ ಸೀಟೇ ಬೇಕಾಗುವುದಿಲ್ಲ.

"ಕಾಯಿಲೆಯವರು ಮೂರು ತಿಂಗಳ ಮುಂಚೆ ಟಿಕೆಟ್ ಮಾಡಿಸುವುದಿಲ್ಲ,"
ಎಂದ. ದೂರಲ್ಲ ಅದು,
ಕೋಷ್ಟಕದ ಒಂದು ಸಾಲು.
ಇದೇ ವಿಮಾನ ಬೇರೆ ದಾರಿಯಲ್ಲಿ
ದಿನಕ್ಕೆ ನಾಲ್ಕು ಸಲ ತುಂಬುತ್ತದಂತೆ.
ಕಾಫಿಯ ದುಡ್ಡು ಅವನೇ ಕೊಟ್ಟ. ಚೀಟಿ ನನ್ನಲ್ಲಿ ಉಳಿಯಿತು.
ಎಷ್ಟು ಸಲ ಕೂಡಿ ಕಳೆದರೂ
ಲೆಕ್ಕದಲ್ಲಿ ತಪ್ಪು ಸಿಗುತ್ತಿಲ್ಲ.

ನಮ್ಮೂರು ಭೂಮಿಯ ಸೊಂಟದ ಮೇಲಿದೆ.
ವರ್ಷಕ್ಕೆರಡು ಸಲ, ನಡುಹಗಲಲ್ಲಿ,
ನೆರಳು ಕಾಲಡಿ ಇಳಿದು ಕಾಣದಾಗುತ್ತದೆ.
ಜನ ಸೇರಿ ಚಪ್ಪಾಳೆ ತಟ್ಟುತ್ತಾರೆ,
ಐದೇ ನಿಮಿಷ, ಮತ್ತೆ ಬರುತ್ತದೆ.
ಕೊನೆಯ ವಿಮಾನದ ದಿನ ಯಾರೂ ಸೇರಿರಲಿಲ್ಲ.
ನೆಲ ಒರೆಸುವ ಹುಡುಗ ಮಾತ್ರ
ಒಂದನೇ ಕೌಂಟರನ್ನೂ ಒರೆಸಿದ.

ಈಗ ಹಾರಲೇಬೇಕೆಂದರೆ ಜಕಾರ್ತಕ್ಕೆ,
ಅಲ್ಲಿಂದ ಕೌಲಾಲಂಪುರ, ಅಲ್ಲಿಂದ ಕುಚಿಂಗ್.
ತಲೆ ಸುತ್ತಿ ಮೂಗು ಹಿಡಿಯಬೇಕು,
ಮೂಗಿಗೆ ನಳಿಗೆ ಹಾಕಿಕೊಂಡವರು.
ಇಲ್ಲವೇ ರಾತ್ರಿ ಬಸ್ಸು, ಒಂಬತ್ತು ಗಂಟೆ,
ಗುಡ್ಡದ ನಡುವೆ ಎಂಟಿಕೊಂಗ್ ಗೇಟು.

ಆ ಗೇಟಿಗೇ ನನ್ನ ವರ್ಗವಾಯಿತು.
ಬೆಳಕಾಗುವ ಮುಂಚೆ ಬಸ್ಸುಗಳು ಬಂದು
ಗಾಜಿಗೆ ಬೆವರು ಕಟ್ಟಿಕೊಂಡು ನಿಂತಿರುತ್ತವೆ.
ಹೋದ ಮಂಗಳವಾರ ಒಬ್ಬಳು ಇಳಿದಳು,
ಎದೆಗೆ ದೊಡ್ಡ ಲಕೋಟೆ,
ಅದರ ಮೇಲೆ ನೀಲಿ ಶಾಯಿಯಲ್ಲಿ: ಬೊಂಗ್ ಸಿಯು ಫಾ.
"ಅತ್ತೆಯ ರಿಪೋರ್ಟು ಸಾರ್.
ಕಾಗದ ನೋಡಿಯೇ ಹೇಳುತ್ತಾರಂತೆ.
ಬಸ್ಸಿನಲ್ಲಿ ಅವರಿಂದ ಕೂರಲಾಗದು."

ಹೊಸ ಪಾಸ್‌ಪೋರ್ಟು. ಬಗ್ಗದ ಬೆನ್ನು.
ತೆರೆದರೆ ಚಟ್ಟೆಂದಿತು.
ಮುದ್ರೆ ಒತ್ತಿ ಕೊಟ್ಟೆ.

"ಇಷ್ಟು ಮೂಲೆಗ್ಯಾಕೆ ಸಾರ್," ಎಂದಳು ಪುಟ ನೋಡಿ,
"ಇಡೀ ಪುಸ್ತಕ ಖಾಲಿ ಇದೆಯಲ್ಲ."