ಗ್ವಾಡಿ ಬದಲಿಸು

ಹಗಲೆಲ್ಲ ಮದುವೆ ವಿಡಿಯೋ ಕತ್ತರಿಸುತ್ತೇನೆ,
ರಾಯಚೂರಿನ ತೀನ್ ಕಂದೀಲ್ ಹತ್ತಿರ, ಚಪ್ಪಲಿ ಅಂಗಡಿಯ ಮೇಲಿನ ಕೋಣೆ,
ಫ್ಯಾನು ತಿರುಗಿದಷ್ಟೂ ಬಿಸಿಗಾಳಿ.
'ಹುಡುಗೀನ ಇನ್ನೊಂಚೂರು ಬೆಳ್ಳಗ ಮಾಡ್ರಿ' ಅನ್ನುತ್ತಾರೆ,
ಚಹಾಕ್ಕೆ ಸಕ್ಕರೆ ಕೇಳಿದ ಹಾಗೆ.
ಮಾಡುತ್ತೇನೆ. ಎರಡು ಪಾಯಿಂಟು. ಬಾಡಿಗೆ ಕಟ್ಟಬೇಕು.

ರಾತ್ರಿ ಶಟರ್ ಅರ್ಧ ಇಳಿಸಿ
ನನ್ನ ಪಿಕ್ಚರ್ ತೆರೆಯುತ್ತೇನೆ. ಹನ್ನೊಂದು ನಿಮಿಷ,
ಒಬ್ಬಳೇ ನಟಿ: ನನ್ನ ದಾದಿ, ಜಮರ್ರುದ್‌ಬಿ.

ನಮ್ಮಲ್ಲಿ ಹೆಸರುಗಳೆಲ್ಲ ಹರಳು, ಪರಿಮಳ:
ಯಾಕೂತ್, ಮರ್ಜಾನ್, ಸಂದಲ್.
ಕೊಂಡವರು ಇಟ್ಟ ಹೆಸರಂತೆ.
ಸಮುದ್ರದ ಆಚೆ ಏನಿತ್ತೋ,
ಯಾವ ಫುಟೇಜಿನಲ್ಲೂ ಇಲ್ಲ.
ಓಣಿಯಲ್ಲಿ ಮಾತ್ರ ನಮಗೆಲ್ಲ ಒಂದೇ ಹೆಸರು.
ಅದಕ್ಕೆ ನಾನು ಬೀಪ್ ಹಾಕಿಲ್ಲ.
ಮೂರನೇ ನಿಮಿಷದಲ್ಲಿದೆ, ಹುಡುಗರ ನಗುವಿನ ಸಮೇತ.

ಮೊದಲ ದಿನ ಅವಳನ್ನು ಸುಣ್ಣದ ಗೋಡೆಗೆ ಕೂರಿಸಿ ತೆಗೆದೆ.
ಕ್ಯಾಮೆರಾ ಗೋಡೆಯನ್ನು ನಂಬಿತು.
ಬಿರುಕು ಬಂತು, ಹಲ್ಲಿ ಬಂತು, ಕ್ಯಾಲೆಂಡರಿನ ಅಮಾವಾಸ್ಯೆ ಕೂಡ ಬಂತು,
ದಾದಿ ಬರಲಿಲ್ಲ.
ಅವಳಿದ್ದಲ್ಲಿ ಒಂದು ತೂತು,
ತೂತಿನೊಳಗೆ ಎರಡು ಕಣ್ಣು.
ಬೆಳಕು ಏರಿಸಿದೆ. ಬೂದಿಯಾದಳು,
ಶಕ್ತಿನಗರದ ಚಿಮಣಿ ಅವಳ ಮೇಲೇ ಕೆಮ್ಮಿದಂತೆ.

ಲ್ಯಾಪ್‌ಟಾಪಿಗೆ ಮೂಗು ತಾಗಿಸಿ ನೋಡಿದಳು.
'ಯಾರಕಿ ಇಕಿ, ಜಡ್ಡಾಗಿ ಮಲಗಿದಾಕಿ?'
ಲೆನ್ಸಿನ ಕಷ್ಟ, ಸೆನ್ಸರಿನ ಕಷ್ಟ, ಎಲ್ಲ ವಿವರಿಸಿದೆ.
ಪೂರಾ ಕೇಳಿ, ಹೊರಗೆ ಹೋಗಿ ಎಲೆಯಡಿಕೆ ಉಗುಳಿ ಬಂದಳು.
'ನನ್ನ ಮಾರಿ ತಿದ್ದಬ್ಯಾಡ.
ಗ್ವಾಡಿ ಬದಲಿಸು.'

ಮರುದಿನ ಆಟೋ ಹಿಡಿದು ದೇವಸೂಗೂರು ದಾರಿ.
ಹತ್ತಿ ಕಿತ್ತು ಮುಗಿದ ಎರಿ ಹೊಲ,
ಮಡಿಕೆ ಹೊಡೆದು ಎದ್ದ ಕರಿ ಹೆಂಟೆ.
ಸಂಜೆ ಐದೂವರೆಗೆ ನಡುಹೊಲದಲ್ಲಿ ನಿಂತಳು,
ಚಪ್ಪಲಿ ಬದುವಿನ ಮೇಲೆ ಬಿಟ್ಟು.
ಕ್ಯಾಮೆರಾಕ್ಕೆ ನಂಬಲು ಬೇರೇನೂ ಸಿಗಲಿಲ್ಲ.
ಆಗ ಕಂಡವು,
ಕೆನ್ನೆಯ ಕಂದು, ಗದ್ದದ ಕೆಳಗೆ ನೀಲಿ,
ಹಣೆಯ ಬೆವರಿಗೆ ತಾಮ್ರ,
ಕಿವಿಯ ಹಿಂದೆ ಹೆಸರಿಲ್ಲದ್ದು ಒಂದು.
ಕಪ್ಪು ಎಂಬ ಒಂದೇ ಗಂಟಿನಲ್ಲಿ
ಇಷ್ಟೆಲ್ಲ ಕಟ್ಟಿಟ್ಟು ಮರೆತಿದ್ದಾರೆ ಮಂದಿ.

ಐದು ನಿಮಿಷ ಒಂದೂ ಕಟ್ ಇಲ್ಲ.
ನಡುವೆ ಸೀನುತ್ತಾಳೆ. ಇಟ್ಟುಕೊಂಡಿದ್ದೇನೆ.

ಇವತ್ತು ಗಂಡಿನ ಅಣ್ಣ ಬಂದ, ಪೆನ್‌ಡ್ರೈವ್ ಹಿಡಿದು.
ಪರದೆಯ ಮೇಲೆ ಮದುಮಗಳು, ಹಿಂದೆ ಮಲ್ಲಿಗೆಯ ಮಂಟಪ.
ಅವಳನ್ನು ಮುಟ್ಟಿಲ್ಲ ನಾನು,
ಮಂಟಪವನ್ನು ನಾಲ್ಕು ಪಾಯಿಂಟು ಇಳಿಸಿದ್ದೇನೆ.
ಬಹಳ ಹೊತ್ತು ನೋಡಿದ.
'ಏನೋ ಬ್ಯಾರೆ ಆಗೇತಲ್ರೀ' ಅಂದ.
ಏನೆಂದು ತಿಳಿಯಲಿಲ್ಲ ಅವನಿಗೆ.
ಅವನು ಎಣಿಸಿ ಕೊಟ್ಟ ದುಡ್ಡಿನಲ್ಲಿ
ಐನೂರು ಕಡಿಮೆ.